ಮಾವನ ಡ್ರಾಪ್ಸ್

ಮಾವನ ಗ್ಲಾಕೋಮಾ ಡ್ರಾಪ್ಸ್ ವಿಷಯ ನಿಮಗೆ ಗೊತ್ತೇ ಇದೆ ಅಕ್ಕಾ. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಕರಿಬೇವಿನ ಡಬ್ಬಿ ಪಕ್ಕ ಕೂತಿರುತ್ತಲ್ಲ, ಹೆಬ್ಬೆರಳಷ್ಟು ಶೀಶೆ. ಎರಡೂವರೆ ಎಂ.ಎಲ್. ಅಷ್ಟೇ! ಸೀಲ್ ಒಡೆದು ತಿಂಗಳಾಯಿತೋ, ಎಸೆದು ಹೊಸದು ತರಬೇಕು. ಹಾಲಿನವನ ಲೆಕ್ಕದ ಹಾಗೆ ಇದೂ ಒಂದು ಲೆಕ್ಕ.

ಇದಕ್ಕೆ ಅಗ್ಗದ ಜೆನೆರಿಕ್ ಇದೆಯಾ ಅಂತ ಮೊನ್ನೆ ಕೇಳಿದಿರಲ್ಲ, ಅವತ್ತೇ ರಾತ್ರಿ ಮದ್ದಿನ ಡಬ್ಬಿ ಹಿಡಿದು ಕೂತೆ. ಇಷ್ಟು ದಿನ ಕಂಪನಿ ಇಟ್ಟ ಹೆಸರನ್ನೇ ಜಪ ಮಾಡುತ್ತಿದ್ದೆವು. ಅಸಲಿ ಹೆಸರು ಅದರ ಮೇಲೇ ಇದೆ, ಲಟಾನೊಪ್ರಾಸ್ಟ್, 0.005 ಪರ್ಸೆಂಟ್. ಊರೆಲ್ಲ ಗುಂಡಣ್ಣ ಅನ್ನುವವನ ಹೆಸರು ರೇಷನ್ ಕಾರ್ಡಲ್ಲಿ ನರಸಿಂಹಮೂರ್ತಿ ಅಂತ ಇರುತ್ತಲ್ವಾ, ಹಾಗೆ. ಅಮೆರಿಕದಲ್ಲಿ 1996ರಲ್ಲಿ ಕ್ಸಲಾಟನ್ ಅಂತ ಬಂದ ಮದ್ದು. 2011ರಲ್ಲಿ ಅಲ್ಲಿ ಪೇಟೆಂಟ್ ಮುಗಿದು ಜೆನೆರಿಕ್ ಬಂತು. ನಮ್ಮಲ್ಲೂ ಎಷ್ಟೋ ಕಂಪನಿಗಳು ಇದನ್ನೇ ಮಾರುತ್ತವೆ. ಸರಕಾರದ್ದೇ 'ಫಾರ್ಮಾ ಸಹೀ ದಾಮ್', 'ಜನೌಷಧಿ ಸುಗಮ್' ಅಂತ ಆ್ಯಪ್‌ಗಳಿವೆ, ಈ ಕಾರ್ಡಿನ ಹೆಸರು ಹಾಕಿ ಹುಡುಕಿದರಾಯಿತು.

ಟ್ರಾವೊಪ್ರಾಸ್ಟ್, ಬಿಮಾಟೊಪ್ರಾಸ್ಟ್ ಅಂತಲೂ ಇವೆ ಮತ್ತೆ! ಪ್ರಾಸ ಕೂಡಿಸಿ ಹೆಸರಿಟ್ಟ ಅಣ್ಣತಮ್ಮಂದಿರ ಹಾಗೆ. ಮದ್ದು ಬೇರೆ ಬೇರೆ. ಟಿಮೊಲಾಲ್ ಬೆರೆಸಿದ್ದೂ ಸಿಗುತ್ತೆ, ಉಬ್ಬಸ ಇರುವ ನಮ್ಮ ಮಾವನಿಗೆ ಅದು ಸುತರಾಂ ಕೂಡದು.

ಅಂದಹಾಗೆ, ಮಾವನ ರೆಪ್ಪೆಗೂದಲು ಗಮನಿಸಿದಿರಾ? ಉದ್ದಕ್ಕೆ, ಕಪ್ಪಗೆ, ಥೇಟ್ ಯಕ್ಷಗಾನದ ಸ್ತ್ರೀವೇಷ! ಈ ಜಾತಿಯ ಹನಿಗಳ ಗುಣವೇ ಅದು. ಬಿಮಾಟೊಪ್ರಾಸ್ಟನ್ನಂತೂ 2008ರಲ್ಲಿ ಅಮೆರಿಕದವರು ರೆಪ್ಪೆ ಬೆಳೆಸೋದಕ್ಕೇ ಅಂತ ಬೇರೆ ಹೆಸರಲ್ಲಿ ಒಪ್ಪಿಬಿಟ್ಟರು. ಕಣ್ಣಿನ ಒತ್ತಡಕ್ಕೆ ಮಾಡಿದ್ದು ಅಲಂಕಾರಕ್ಕೂ ಆಯಿತು, ಅಲ್ವಾ?

ಕಣ್ಣಿನ ಒತ್ತಡ ಅಂದರೆ ನನಗೆ ನಮ್ಮಜ್ಜಿ ನೆನಪಾಗುತ್ತಾಳೆ. ಮಧ್ಯಾಹ್ನ ನಂದಿಬಟ್ಟಲು ಹೂವನ್ನು ನೀರಲ್ಲಿ ಅದ್ದಿ ಮುಚ್ಚಿದ ಕಣ್ಣ ಮೇಲಿಟ್ಟು ಮಲಗುತ್ತಿದ್ದಳು. ಎಂಥ ತಂಪು ಅಂತೀರಿ! ಆದರೆ ಅವಳ ನೋಟ ಅಂಚಿನಿಂದ ಮಬ್ಬಾಗುತ್ತಾ ಬಂತು, ನೋವಿಲ್ಲ, ಉರಿಯಿಲ್ಲ. ಕಣ್ಣಿನ ಪ್ರೆಶರ್ ನೋಡಿಸಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ದುಡ್ಡು ಉಳಿಸೋಕೆ ಮಾವ ದಿನ ಬಿಟ್ಟು ದಿನ ಹನಿ ಹಾಕಿಕೊಳ್ಳುತ್ತಿದ್ದಾರೆ ಅಂತ ಗೊತ್ತಾದಾಗ ನನ್ನ ಎದೆ ಧಸಕ್ ಅಂದದ್ದು ಅದಕ್ಕೇ.

ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಕೊಡುವ ಹಾಗಿಲ್ಲ ಅಂದರು ಮೆಡಿಕಲ್ ಶಾಪಿನವರು. ಕಾನೂನೂ ಹಾಗೇ ಇದೆ. ಡಾಕ್ಟರನ್ನೇ ಕೇಳಿದೆ. ಲಟಾನೊಪ್ರಾಸ್ಟ್ ಅಂತಲೇ ಬರೆದುಕೊಟ್ಟು, ತಿಂಗಳು ಬಿಟ್ಟು ಪ್ರೆಶರ್ ನೋಡೋಣ ಅಂದರು. ಹೊಸ ಶೀಶೆ ಸ್ವಲ್ಪ ಮೆತ್ತಗೆ, ಒತ್ತಿದರೆ ಎರಡು ಹನಿ ಬೀಳುತ್ತೆ. ಒಂದೇ ಸಾಕು, ಕಣ್ಣಲ್ಲಿ ಅಷ್ಟೂ ನಿಲ್ಲಲ್ಲ. ಈಗ ಕೈ ಹದಕ್ಕೆ ಬಂದಿದೆ.

ನಿಮ್ಮ ಚೀಟಿನೂ ತನ್ನಿ ಅಕ್ಕಾ, ಅದರ ಕಾರ್ಡಿನ ಹೆಸರೇನಿದೆಯೋ ನೋಡೋಣ...