ಕೈಗೆ ಕಟ್ಟಲಾಗದ ಗಡಿಯಾರ: ಒಂದು ಸಂಶೋಧನಾ ಪ್ರಬಂಧ

ಚಿತ್ರಕಾರರು ವಾಚ್ ಕಂಪನಿಗಳೊಂದಿಗೆ ಕೈಜೋಡಿಸುವ ಪದ್ಧತಿ ಪಶ್ಚಿಮದಲ್ಲಿ ಹುಟ್ಟಿತೆಂದು ನಂಬಿದ ಪಂಡಿತರಿದ್ದಾರೆ. 1933ರ ಇಂಗರ್‌ಸಾಲ್ ಮಿಕ್ಕಿ ಮೌಸ್ ವಾಚು, 1986ರಲ್ಲಿ ಕೀತ್ ಹ್ಯಾರಿಂಗ್ ಸ್ವಾಚ್‌ಗೆ ಬಿಡಿಸಿದ ಡಯಲುಗಳು ಅವರ ಪುರಾವೆ. ಎರಡೂ ಅಗ್ಗದ ಮಾಲು ಎಂಬುದನ್ನು ಕ್ಷಮಿಸಬಹುದು. ಕಾಲನಿರ್ಣಯದಲ್ಲಿ ಆರು ಶತಮಾನ ತಪ್ಪಿದ್ದನ್ನು ಕ್ಷಮಿಸಲಾಗದು. ಶೃಂಗೇರಿಯ ತುಂಗಾತೀರದಲ್ಲಿರುವ, 1338ರದೆಂದು ವಾಡಿಕೆಯಾಗಿ ಹೇಳುವ ವಿದ್ಯಾಶಂಕರ ದೇವಾಲಯವೇ ಈ ಬಗೆಯ ಮೊದಲ ದುಬಾರಿ ವಾಚು ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ಒಳಗೆ 12 ಕಂಬ, ಒಂದೊಂದಕ್ಕೂ ಒಂದು ರಾಶಿ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆಂಬುದು ಪರಂಪರೆಯ ಮಾತು. ಡಯಲಿಗೆ ಬೇಕಾದ 12 ಗುರುತು ಬಂದವು, ಮುಳ್ಳಿನ ಕೆಲಸ ಬಿಸಿಲಿನದು. ಕಂಬದ ವ್ಯಾಳದ ಬಾಯಲ್ಲಿ ಕಲ್ಲಿನ ಗುಂಡು ಉರುಳುತ್ತದೆ, ಹೊರಗೆ ಬರುವುದಿಲ್ಲ. ಸಮಯ ತಿಳಿಯಲು ಅದು ಬೇಕಿಲ್ಲ. ಬೇಡವಾದದ್ದನ್ನು ಅಷ್ಟು ಕಷ್ಟಪಟ್ಟು ಕೂಡಿಸುವುದೇ ದುಬಾರಿ ವಾಚಿನ ಲಕ್ಷಣ.

ನಿಖರತೆಯ ಮಾತು. ಪಂಚಾಂಗದ ರಾಶಿಗಳು ನಕ್ಷತ್ರಗಳನ್ನು ಹಿಡಿದು ನಿಂತಿವೆ, ಬಿಸಿಲಿನ ಓರೆ ಋತುವಿನ ಮಾತು ಕೇಳುತ್ತದೆ. ಅಯನಚಲನೆಯಿಂದ ಇವೆರಡರ ನಡುವೆ ವರ್ಷಕ್ಕೆ ಸುಮಾರು 20 ನಿಮಿಷದ ಅಂತರ ಬೀಳುತ್ತದೆ. ಹೀಗೆ ಕೂಡುತ್ತ ಕೂಡುತ್ತ ಕಂಬಗಳು ಇಂದು ಒಂಬತ್ತು ದಿನಕ್ಕೂ ಹೆಚ್ಚು ಮುಂದೆ ಓಡಿರಬೇಕು. ಗಾಬರಿ ಬೇಡ, ಭಾಗಿಸಿ ನೋಡಿ: ದಿನಕ್ಕೆ ಮೂರು ಸೆಕೆಂಡು ಚಿಲ್ಲರೆ. ಸ್ವಿಟ್ಜರ್‌ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆಯಲ್ಲಿ ವಾಚು ದಿನಕ್ಕೆ ಸರಾಸರಿ 6 ಸೆಕೆಂಡು ಮುಂದೆ ಅಥವಾ 4 ಸೆಕೆಂಡು ಹಿಂದೆ ಹೋದರೂ ಪಾಸು. ಶೃಂಗೇರಿಯ ಕಲ್ಲು, ಕೀಲಿ ಕೊಡದೆಯೇ, ತೇರ್ಗಡೆ.

ಪೂರ್ವಪಕ್ಷಿಗಳು ಸುಮ್ಮನಿರುವುದಿಲ್ಲ. ಉತ್ತರಾಯಣದಲ್ಲಿ ಹೋದ ದಾರಿಯಲ್ಲೇ ಸೂರ್ಯ ದಕ್ಷಿಣಾಯನದಲ್ಲಿ ಮರಳುವುದರಿಂದ ಒಂದೇ ಓರೆಯ ಬಿಸಿಲು ವರ್ಷಕ್ಕೆರಡು ಸಲ ಬರುತ್ತದಲ್ಲ ಎನ್ನುತ್ತಾರೆ. ಬರಲಿ, ಗೋಡೆ ಗಡಿಯಾರದ ಮುಳ್ಳೂ ದಿನಕ್ಕೆರಡು ಸಲ ಆರನ್ನು ಮುಟ್ಟುತ್ತದೆ, ಬೆಳಗೋ ಸಂಜೆಯೋ ಎಂಬುದನ್ನು ಕಾಫಿ ನೋಡಿ ತಿಳಿದುಕೊಳ್ಳುತ್ತೇವೆ. ಇನ್ನು ನರಸಿಂಹರಾಜಪುರದವರ ತಕರಾರು: ತಮ್ಮೂರು ಪೂರ್ವಕ್ಕಿರುವುದರಿಂದ ಸೂರ್ಯ ಶೃಂಗೇರಿಗಿಂತ ಸುಮಾರು ಒಂದು ನಿಮಿಷ ಮೊದಲೇ ಹುಟ್ಟುತ್ತಾನೆ. ಎಡೇಹಳ್ಳಿಯೆಂಬ ಹೆಸರನ್ನೇ ಯುವರಾಜರಿಗಾಗಿ ಬದಲಿಸಿಕೊಂಡ ಊರು ಒಂದು ನಿಮಿಷಕ್ಕೆ ಹಟ ಹಿಡಿಯಬಾರದು. ನಡುವೆ ಸಿಕ್ಕಿಕೊಂಡ ಕೊಪ್ಪದವರು ಅರ್ಧ ನಿಮಿಷಕ್ಕೆ ರಾಜಿಯಾದರೆ ಸಾಕು.

ನಿಜಕ್ಕೂ ಗಟ್ಟಿಯಾದ ಆಕ್ಷೇಪ ಮಳೆಯದು. ಆರಿದ್ರೆಯಿಂದ ಮಖೆಯವರೆಗೆ ಮಲೆನಾಡಿನಲ್ಲಿ ಸೂರ್ಯನೇ ಅಪರೂಪ. ಆಗ ಮುಳ್ಳಿಲ್ಲದ ಡಯಲಿನಿಂದೇನು ಪ್ರಯೋಜನ? ಈ ಪ್ರಶ್ನೆಯೇ ದುಬಾರಿ ವಾಚಿನ ತತ್ತ್ವವನ್ನು ಅರಿಯದವರದು. ಲಕ್ಷಗಟ್ಟಲೆ ಸುರಿದು ವಾಚು ಕಟ್ಟಿದವರೂ ಹೊತ್ತು ನೋಡುವುದು ಮೊಬೈಲಿನಲ್ಲಿ. ಹೊತ್ತು ತಿಳಿಸುವ ಹೊಣೆ ಕಳಚಿದ ಮೇಲೆ ಉಳಿಯುವುದು ಚಿತ್ರ, ಬೆಲೆ ಬರುವುದೂ ಅದಕ್ಕೇ. ಆ ಚಿತ್ರಕಾರನ ಹೆಸರೆಲ್ಲಿ ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಸಿದ್ಧಾಂತಿ ಕೊಂಚ ತಲೆ ತಗ್ಗಿಸಬೇಕಾಗುತ್ತದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿಟ್ಟ, ಅದು ಇಂದಿಗೂ ಓದಿಗೆ ಸಿಗುತ್ತದೆ. ರಾಶಿಕಂಬಗಳ ಶಿಲ್ಪಿಯ ಹೆಸರನ್ನು ಪ್ರವಾಸಿಗರು ಕೇಳುವುದೂ ಇಲ್ಲ. ಕಂಪನಿಯಾದ ಸೂರ್ಯ ಎಲ್ಲ ಕೀರ್ತಿಯನ್ನೂ ತಾನೇ ಇಟ್ಟುಕೊಂಡಿದ್ದಾನೆ. ಈ ವಿಷಯದಲ್ಲಿ ಅವನು ಇಂದಿನ ಬ್ರಾಂಡುಗಳಿಗೆ ಸರಿಯಾದ ಹಿರಿಯಣ್ಣ. ಆಸಕ್ತ ಗ್ರಾಹಕರು ಮಳೆಗಾಲ ಕಳೆದ ಮೇಲೆ, ಬೆಳಿಗ್ಗೆ ಬೇಗ ಬನ್ನಿ. ವಾಚು ಮಾರಾಟಕ್ಕಿಲ್ಲ.