ಎಲೆಯ ಪಕ್ಷ, ಹೂವಿನ ಪಕ್ಷ

ಪುಂಡಿ ಗಿಡದ ವಿಷಯದಲ್ಲಿ ಜಗತ್ತು ಎರಡು ಪಕ್ಷವಾಗಿದೆ. ಎಲೆ ತಿನ್ನುವವರದು ಒಂದು, ಹೂ ಕುಡಿಯುವವರದು ಇನ್ನೊಂದು. ಎಲೆ ಪಕ್ಷದ ಭದ್ರಕೋಟೆ ನಮ್ಮ ಕಲಬುರಗಿ, ವಿಜಯಪುರ, ಬಾಗಲಕೋಟೆ, ರಾಯಚೂರು. ಗಡಿ ದಾಟಿದರೆ ಮಹಾರಾಷ್ಟ್ರದ ಅಂಬಾಡಿ ಭಾಜಿ, ತೆಲುಗರ ಗೊಂಗೂರ, ಅಸ್ಸಾಮಿನಲ್ಲಿ ಮೀನಿನ ಸಾರಿಗೆ ಬೀಳುವ ಟೆಂಗಾಮೊರಾ, ಅಲ್ಲಿಂದಾಚೆ ಬರ್ಮಾದ ಚಿನ್‌ಬೌಂಗ್, ಎಲ್ಲ ಕಡೆ ಇದೇ ಹುಳಿ ಸೊಪ್ಪಿನ ದರಬಾರು. ಹೂ ಪಕ್ಷದ ರಾಜಧಾನಿಗಳು ಸುಡಾನ್ ಮತ್ತು ಈಜಿಪ್ಟ್. ಅಲ್ಲಿ ಅದು ಕರ್ಕದೆ. ಈಜಿಪ್ಟಿನ ಮದುವೆಮನೆಯಲ್ಲಿ ಬಂದವರ ಕೈಗೆ ಕೊಡುವ ಲೋಟದಲ್ಲಿರುವುದು ಅದೇ ಕೆಂಪು ಪಾನಕ. ಎಲೆ ಪಕ್ಷದವರಿಗೆ ಗಿಡ ಹೂ ಬಿಟ್ಟಿತೆಂದರೆ ಪಲ್ಯದ ಕಥೆ ಮುಗಿಯಿತು. ಹೂ ಪಕ್ಷದವರಿಗೆ ಹೂ ಬಿದ್ದ ಮೇಲೇ ಕಥೆ ಶುರು. ಒಬ್ಬರು ಪೂರ್ಣವಿರಾಮ ಇಟ್ಟ ಕಡೆ ಇನ್ನೊಬ್ಬರು ಮುನ್ನುಡಿ ಬರೆಯುತ್ತಾರೆ.

ಪ್ರಚಾರದಲ್ಲಿ ಮಾತ್ರ ಎಲೆ ಪಕ್ಷ ಹೀನಾಯವಾಗಿ ಸೋತಿದೆ. ಕಾರಣ ಸರಳ: ಪುಂಡಿಪಲ್ಯ ಫೋಟೊಕ್ಕೆ ಒಗ್ಗುವುದಿಲ್ಲ. ಬೆಂದ ಪುಂಡಿಯ ಬಣ್ಣ ಹಸಿರೂ ಅಲ್ಲ, ಕಂದೂ ಅಲ್ಲ. ಮೇಲೆ ಬೆಳ್ಳುಳ್ಳಿ ಒಗ್ಗರಣೆ ಸುರಿದರೂ, ಬೆಣ್ಣೆಯ ಮುದ್ದೆ ಕೂರಿಸಿದರೂ ಅದು ಕ್ಯಾಮೆರಾ ಕಡೆ ಮುಖ ಮಾಡುವುದಿಲ್ಲ. ಕರ್ಕದೆಯಾದರೋ ಗಾಜಿನ ಲೋಟದಲ್ಲಿ ಮಾಣಿಕ್ಯದಂತೆ ಹೊಳೆಯುತ್ತದೆ. ಹೀಗಾಗಿ ಸಂತೆಯಲ್ಲಿ ಕಟ್ಟಿನ ಲೆಕ್ಕದಲ್ಲಿ ಮಾರುವ ಪುಂಡಿಯೇ ಬೆಂಗಳೂರಿನ ಮಾಲ್‌ಗಳಲ್ಲಿ ಗ್ರಾಂ ಲೆಕ್ಕದಲ್ಲಿ, ಇಂಗ್ಲಿಷ್ ಹೆಸರಿನ ಡಬ್ಬಿಯೊಳಗೆ ಕುಳಿತಿರುತ್ತದೆ.

ಅಂಥದೊಂದು ಡಬ್ಬಿ ವಿಜಯಪುರ ಕಡೆಯ ಒಬ್ಬ ನಿವೃತ್ತ ಮಾಸ್ತರರ ಕೈಗೆ ಸಿಕ್ಕಿತು. ಮಗನ ಫ್ಲ್ಯಾಟಿಗೆ ಬಂದು ನೆಲೆಸಿದ ಮಾಸ್ತರರಿಗೆ ಡಬ್ಬಿಯ ಮೇಲಿನ ಸಣ್ಣಕ್ಷರ ಓದುವ ಚಟ. ‘ಹೈಬಿಸ್ಕಸ್ ಸಬ್ದಾರಿಫಾ’ ಎಂದಿತ್ತು. ಮೊಮ್ಮಗಳ ಫೋನಿನಲ್ಲಿ ಹುಡುಕಿಸಿ, ಚಿತ್ರ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದರು.

“ಇದು ನಮ್ಮ ಪುಂಡಿ ಅಲ್ಲೇನೋ?”

“ಇಲ್ಲಪ್ಪಾ, ಇದು ಡಿಟಾಕ್ಸ್” ಎಂದ ಮಗ.

ಮಾಸ್ತರರ ಮಾತೇ ಸರಿ, ಆದರೆ ಪೂರ್ತಿ ಸರಿಯಲ್ಲ. ನಮ್ಮಲ್ಲಿ ಪುಂಡಿ ಎಂಬ ಒಂದೇ ಹೆಸರಿನಡಿ ಇಬ್ಬರು ಅಣ್ಣತಮ್ಮಂದಿರು ಸಂಸಾರ ನಡೆಸುತ್ತಿದ್ದಾರೆ. ಅಣ್ಣ ಈ ಸಬ್ದಾರಿಫಾ, ತಮ್ಮ ಕ್ಯಾನಬಿನಸ್. ಇಬ್ಬರ ಮೂಲವೂ ಆಫ್ರಿಕಾ. ಇಬ್ಬರೂ ದಾಸವಾಳದ ಕುಲದವರು, ಹತ್ತಿ ಮತ್ತು ಬೆಂಡೆಗೆ ಬೀಗರು. ಇಬ್ಬರ ಎಲೆಯೂ ಹುಳಿ, ಇಬ್ಬರ ತೊಗಟೆಯಲ್ಲೂ ನಾರು. ಆದರೆ ಹೂ ಉದುರಿದ ಮೇಲೆ ಬುಡದ ಪುಷ್ಪಪಾತ್ರೆ ಉಬ್ಬಿ, ರಸ ತುಂಬಿ, ಕೆಂಪು ಬಟ್ಟಲಾಗುವುದು ಸಬ್ದಾರಿಫಾದಲ್ಲಿ ಮಾತ್ರ, ಅದರಲ್ಲೂ ಅದಕ್ಕೆಂದೇ ಆರಿಸಿ ಬೆಳೆಸಿದ ತಳಿಗಳಲ್ಲಿ. ಜನ ‘ಹೂವಿನ ಚಹಾ’ ಎಂದು ಕುಡಿಯುವುದು ಈ ಬಟ್ಟಲನ್ನು. ಹೂವಿನ ಎಸಳಿಗೆ ಅದರಲ್ಲಿ ಪಾಲೇ ಇಲ್ಲ. ತಮ್ಮನ ಬಟ್ಟಲು ತೆಳ್ಳಗೆ, ಮೈತುಂಬ ಬಿರುಸು ಮುಳ್ಳುಗೂದಲು. ಅದನ್ನು ಕುದಿಸಿ ಕುಡಿಯುವವನಿಗೆ ಬೇರೆಯೇ ಧೈರ್ಯ ಬೇಕು.

ಇದೆಲ್ಲ ಗೊತ್ತಾಗುವ ಮೊದಲೇ ಮಾಸ್ತರರು ಊರಿನಿಂದ ಬೀಜ ತರಿಸಿ ತಾರಸಿಯ ಕುಂಡಗಳಲ್ಲಿ ಊರಿಯಾಗಿತ್ತು. ಕಾಲ ಚಳಿಗಾಲ. ಬೇಗ ಬಿತ್ತಿದರೆ ಬೇಗ ಫಲ ಎಂಬ ಲೆಕ್ಕ ಪುಂಡಿಯ ಮುಂದೆ ನಡೆಯುವುದಿಲ್ಲ. ಗೊಬ್ಬರ ಎಷ್ಟು ಹಾಕಿದರು, ನೀರು ಎಷ್ಟು ಕೊಟ್ಟರು ಎನ್ನುವುದಕ್ಕಿಂತ ಹಗಲು ಎಷ್ಟು ಉದ್ದವಿದೆ ಎನ್ನುವುದೇ ಈ ಗಿಡಕ್ಕೆ ಮುಖ್ಯ. ಹಗಲು ಕುಗ್ಗಿ ಇರುಳು ಬೆಳೆದರೆ ತನ್ನ ವಯಸ್ಸೆಷ್ಟು ಎಂದೂ ನೋಡದೆ ಮೊಗ್ಗು ಕಟ್ಟುತ್ತದೆ. ಮುಂಗಾರಿನ ಹೊತ್ತಿಗೆ ಬಿತ್ತಿದ್ದರೆ ಗಿಡ ಆಳುದ್ದ ಬೆಳೆದು, ದಸರೆ–ದೀಪಾವಳಿಯ ಸುತ್ತಮುತ್ತ ಸಾವಧಾನವಾಗಿ ಹೂ ಬಿಡುತ್ತದೆ. ಚಳಿಗಾಲದಲ್ಲಿ ಬಿತ್ತಿದ್ದು ಮೊಣಕಾಲೆತ್ತರಕ್ಕೇ ಮದುವೆ ಮಾಡಿಕೊಂಡು ಮುದಿಯಾಯಿತು. “ಬಾಲ್ಯವಿವಾಹ” ಎಂದು ಗೊಣಗುತ್ತ ಮಾಸ್ತರರು ಕಿತ್ತು ಹಾಕಿದರು.

ಮುಂದಿನ ಮಳೆಗಾಲದ ಬಿತ್ತನೆ ಗಿಡವಾಗಿ ಎದ್ದಾಗ ಬೇರೆ ತೊಂದರೆ ಎದುರಾಯಿತು. ಪುಂಡಿಯ ಬುಡದ ಎಲೆಗಳು ಸಾದಾ, ಮೇಲಕ್ಕೆ ಹೋದಂತೆ ಬೆರಳು ಬಿಡಿಸಿದ ಅಂಗೈ. ಅಂಚೆಲ್ಲ ಗರಗಸದ ಹಲ್ಲು. ಸಸ್ಯಶಾಸ್ತ್ರಜ್ಞ ಲಿನೇಯಸ್ ಮಹಾಶಯ ತಮ್ಮನಿಗೆ ಕ್ಯಾನಬಿನಸ್ ಎಂದು ಹೆಸರಿಟ್ಟಿದ್ದೇ ಈ ಎಲೆ ಗಾಂಜಾವನ್ನು ಹೋಲುತ್ತದೆಂದು. ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಗೆ ಲಿನೇಯಸ್ ಗೊತ್ತಿರಲಿಲ್ಲ, ಗಾಂಜಾ ಎಲೆಯ ಚಿತ್ರ ಗೊತ್ತಿತ್ತು. ನೀರಿನ ಟ್ಯಾಂಕು ನೋಡುವ ನೆವದಲ್ಲಿ ತಾರಸಿ ಹತ್ತಿ ಬಂದರು.

“ಏನ್ ಗಿಡ ಸಾರ್ ಇದು?” ದನಿ ತಗ್ಗಿಸಿ ಕೇಳಿದರು.

“ಪುಂಡಿ ರೀ. ಊರಿಂದ ಬೀಜ ತರಿಸೇನಿ.”

“ಇದನ್ನ… ಏನ್ ಮಾಡ್ತೀರಿ?”

“ತಿಂತೀವಿ. ಒಮ್ಮೆ ತಿಂದ್ರ ಬಿಡೂದಿಲ್ಲ ನೋಡ್ರಿ.”

ಕಾರ್ಯದರ್ಶಿಗಳ ಮುಖ ಬಾಡಿತು. ಮಾಸ್ತರರ ಹೆಂಡತಿ ಸಮಯಕ್ಕೆ ಸರಿಯಾಗಿ ತಟ್ಟೆ ಹಿಡಿದು ಬರದಿದ್ದರೆ ಮಾತು ಪೊಲೀಸ್ ಠಾಣೆಯ ತನಕ ಹೋಗುತ್ತಿತ್ತೇನೋ.

ಆ ತಟ್ಟೆಯಲ್ಲಿದ್ದ ಪಲ್ಯದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಪುಂಡಿಯ ಎಲೆ ಬಿಡಿಸಿ, ಸೋಸಿ, ತೊಳೆದು ಕುದಿಸುತ್ತಾರೆ. ಹುಳಿ ಹೆಚ್ಚೆನಿಸಿದರೆ ಮೊದಲ ನೀರು ಬಸಿಯುವುದುಂಟು. ಹುಳಿಯೇ ಬೇಕೆನ್ನುವ ಮನೆಗಳಲ್ಲಿ ಬಸಿಯುವವರನ್ನು ಕಂಡರೆ ಆಗುವುದಿಲ್ಲ. ತೊಗರಿಬೇಳೆ, ಜೋಳದ ನುಚ್ಚು, ಜಜ್ಜಿದ ಹಸಿಮೆಣಸಿನಕಾಯಿ ಸೇರಿ ಒಟ್ಟಿಗೆ ಬೆಂದಾಗ ನುಚ್ಚು ಅರಳಿ ಹುಳಿಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಮಸೆದು, ಎಣ್ಣೆಯಲ್ಲಿ ಬಳ್ಳೊಳ್ಳಿ ಕೆಂಪಾಗುವ ತನಕ ಹುರಿದ ಒಗ್ಗರಣೆ. ಬಿಸಿ ಜೋಳದ ರೊಟ್ಟಿ, ಗುದ್ದಿದ ಉಳ್ಳಾಗಡ್ಡಿ. ಮಾರನೆಯ ದಿನಕ್ಕೆ ಇದರ ರುಚಿ ಇನ್ನೂ ಏರುತ್ತದೆ, ಉಳಿದರೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಪುಂಡಿಪಲ್ಯ ಇಲ್ಲದಿದ್ದರೆ ಭೂತಾಯಿ ಏನೆನ್ನುತ್ತಾಳೋ, ಚರಗದ ನೈವೇದ್ಯ ಚೆಲ್ಲುವವರಂತೂ ಮುನಿಸಿಕೊಳ್ಳುತ್ತಾರೆ. ಕಾರ್ಯದರ್ಶಿಗಳು ಎರಡು ರೊಟ್ಟಿ ಮುಗಿಸಿ, ಸಭೆಯ ನಡಾವಳಿಯಲ್ಲಿ ಏನೂ ಬರೆಯದೆ ಇಳಿದು ಹೋದರು.

ಅಕ್ಟೋಬರಿನಲ್ಲಿ ಹೂ ಅರಳಿತು. ತಿಳಿಹಳದಿ ಎಸಳು, ನಡುವೆ ಗಾಢ ಕಡುಗೆಂಪು ಕಣ್ಣು. ಬೆಳಗ್ಗೆ ಅರಳಿದ್ದು ಸಂಜೆಗೆ ಮುದುಡಿತು. ಮಾಸ್ತರರು ಬಟ್ಟಲು ಉಬ್ಬುವುದನ್ನು ಕಾಯುತ್ತ ಕುಳಿತರು. ಬಂದದ್ದು ಮುಳ್ಳುಗೂದಲಿನ ಕಾಯಿ. ಊರಿನವರು ಕಳಿಸಿದ್ದು ತಮ್ಮನ ಬೀಜ, ನಾರಿನ ಪುಂಡಿ.

ಇಲ್ಲಿ ಮೂರನೆಯ ಪಕ್ಷವೊಂದು ಎದ್ದು ನಿಲ್ಲುತ್ತದೆ. ಎಲೆಯೂ ಬೇಡ, ಹೂವೂ ಬೇಡ, ತೊಗಟೆ ಸಾಕು ಎನ್ನುವವರದು. ಜೋಳದ ಹೊಲದ ಅಂಚಿಗೆ ಪುಂಡಿ ಹಾಕಿ, ಕೊಯ್ದ ಕಟ್ಟುಗಳನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ಆ ನಾತವನ್ನು ಊರಿಡೀ ಸಹಿಸಿಕೊಂಡು, ಸುಲಿದ ನಾರಿನಿಂದ ಎತ್ತಿಗೆ ಹಗ್ಗ, ಕರುವಿಗೆ ಕಣ್ಣಿ ಹೊಸೆಯುತ್ತಿದ್ದ ಕಾಲ ತೀರಾ ಹಳೆಯದೇನಲ್ಲ. ನೈಲಾನು ಬಂದು ಅದನ್ನು ಅಟ್ಟಕ್ಕೇರಿಸಿತು. ದೇಶದ ಲೆಕ್ಕದಲ್ಲೂ ಈ ನಾರಿಗೆ ಒಂದು ದೊಡ್ಡ ಅಧ್ಯಾಯವಿದೆ. 1947ರ ವಿಭಜನೆಯಲ್ಲಿ ಸೆಣಬಿನ ಗಿರಣಿಗಳು ಹೂಗ್ಲಿ ದಂಡೆಯಲ್ಲೇ ಉಳಿದವು, ಸೆಣಬು ಬೆಳೆಯುವ ಹೊಲಗಳಲ್ಲಿ ಬಹುಪಾಲು ಪೂರ್ವ ಪಾಕಿಸ್ತಾನದ ಪಾಲಾದವು. ಗಿರಣಿಗಳ ಹಸಿವು ನೀಗಿಸಲು ಕರೆ ಹೋದದ್ದು ಈ ಅಣ್ಣತಮ್ಮಂದಿರಿಗೆ. ಸರ್ಕಾರಿ ಭಾಷೆಯಲ್ಲಿ ಇಬ್ಬರ ನಾರಿಗೂ ಮೆಸ್ತಾ ಎಂಬ ಒಂದೇ ಹೆಸರು. ಇಂದಿಗೂ ಕೃಷಿ ಅಂಕಿಅಂಶಗಳಲ್ಲಿ ‘ಸೆಣಬು ಮತ್ತು ಮೆಸ್ತಾ’ ಒಂದೇ ಸಾಲಿನಲ್ಲಿ, 180 ಕಿಲೋ ತೂಕದ ಬೇಲುಗಳ ಲೆಕ್ಕದಲ್ಲಿ ಬರುತ್ತವೆ.

ಮಾಸ್ತರರು ಹಗ್ಗ ಹೊಸೆಯಲು ಹೋಗಲಿಲ್ಲ. ಮರುವರ್ಷ ಕೆಂಪು ಬಟ್ಟಲಿನ ತಳಿಯ ಬೀಜವನ್ನೇ ಹುಡುಕಿ ತಂದರು. ಅಲ್ಲಿಂದ ಮನೆಯೊಳಗೇ ಪಕ್ಷ ರಾಜಕೀಯ ಶುರುವಾಯಿತು. ಎಲೆ ಎಳೆಯದಾಗಿದ್ದಾಗಲೇ ಕೀಳಬೇಕು ಎನ್ನುವುದು ಅವರ ಹೆಂಡತಿಯ ವಾದ. ಎಲೆ ಕಿತ್ತರೆ ಬಟ್ಟಲು ಸೊರಗುತ್ತದೆ ಎನ್ನುವುದು ಮಾಸ್ತರರದು. ಸತ್ಯ ಎಂದಿನಂತೆ ನಡುವೆ ಎಲ್ಲೋ ಇತ್ತು. ತುದಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಹೂ ಬಿಡುತ್ತದೆ, ಬೋಳಿಸಿದರೆ ಸೊರಗುತ್ತದೆ. ಸೆನೆಗಲ್‌ನವರು ಈ ಜಗಳವನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಅಲ್ಲಿ ಮೀನು–ಅನ್ನದ ತಿಯೆಬುಜೆನ್ ಪಕ್ಕದಲ್ಲಿ ಇದೇ ಎಲೆಯ ಹುಳಿ ಗೊಜ್ಜು. ಊಟದ ಮೇಲೆ ಇದೇ ಬಟ್ಟಲಿನ ಬಿಸ್ಸಾಪ್, ಪುದೀನ ಹಾಕಿದ್ದು. ಡಾಕಾರಿನ ಬೀದಿಗಳಲ್ಲಿ ಅದನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹೆಪ್ಪುಗಟ್ಟಿಸಿ ಮಾರುತ್ತಾರೆ, ಮಕ್ಕಳು ಮೂಲೆ ಕಚ್ಚಿ ಚೀಪುತ್ತಾರೆ. ನೈಜೀರಿಯದ ಹೌಸಾ ಜನರಿಗೂ ಎರಡೂ ಬೇಕು, ಎಲೆ ಯಾಕುವಾ, ಪಾನಕ ಝೋಬೋ. ಎರಡೂ ಪಕ್ಷದ ಸದಸ್ಯತ್ವ ಒಟ್ಟಿಗೆ ಇಟ್ಟುಕೊಳ್ಳಲು ನಮಗೇ ಯಾಕೋ ಮುಜುಗರ.

ಹೂ ಬಿದ್ದು ಸುಮಾರು ಮೂರು ವಾರಕ್ಕೆ ಬಟ್ಟಲು ಕೊಯ್ಲಿಗೆ ಬಂತು. ಹಿಡಿದರೆ ಗಟ್ಟಿ, ಮುರಿದರೆ ಚಟ್ಟನೆ ಸದ್ದು, ನಾಲಗೆಗೆ ಹುಣಸೆಯನ್ನು ಮೀರಿಸುವ ಹುಳಿ. ಒಳಗೆ ಹಸಿರು ಬೀಜಕೋಶ. ಅದರ ಮೈಮೇಲಿನ ನವಿರು ರೋಮ ಬೆರಳಿಗೆ ಹತ್ತಿದರೆ ತುರಿಕೆ ನಿಲ್ಲುವುದಿಲ್ಲ. ಹೆಚ್ಚು ಬೆಳೆಯುವವರು ಚೂಪು ಅಂಚಿನ ಲೋಹದ ಕೊಳವೆಯನ್ನು ಬುಡದಿಂದ ತೂರಿಸಿ ಅದನ್ನು ಹೊರಗೆ ತಳ್ಳುತ್ತಾರೆ. ಮಾಸ್ತರರು ಹಳೆಯ ಪೆನ್ನಿನ ಕ್ಯಾಪು ಹಿಡಿದು ಅದೇ ಕೆಲಸ ಮಾಡಿದರು. ಬಟ್ಟಲುಗಳು ಬಿಸಿಲಿಗೆ ಬಿದ್ದು ಮುದುಡಿ ಒಣಗಿದವು. ಕೆಂಪು ತಿಗಣೆಗಳ ದಂಡು ಉಳಿದ ಕಾಯಿಗಳ ಮೇಲೆ ಠಿಕಾಣಿ ಹೂಡಿತು. ಹತ್ತಿ ಹೊಲದ ಈ ಹಳೆಯ ಗಿರಾಕಿಗಳಿಗೆ ನಾಲ್ಕನೆಯ ಮಹಡಿಯ ವಿಳಾಸ ಯಾರು ಕೊಟ್ಟರೋ.

ಮೊದಲ ಲೋಟ ತಯಾರಾದಾಗ ಮೊಮ್ಮಗಳು ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದಳು. ಕೆಂಪು ಕಪ್ಪಿಟ್ಟು, ನೀಲಿಗೆ ತಿರುಗಿ, ಹಸಿರಿನತ್ತ ಹೊರಟಿತು. ಬಟ್ಟಲಿನ ಆಂಥೋಸಯನಿನ್ ಎಂಬ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ನಿಂಬೆ ಹಿಂಡಿದರೆ ಮತ್ತೆ ಕೆಂಪು. ಮೊಮ್ಮಗಳಿಗೆ ಶಾಲೆಯ ಪ್ರಾಜೆಕ್ಟು ಸಿಕ್ಕಿತು, ಮಾಸ್ತರರಿಗೆ ಕುಡಿಯಲು ಏನೂ ಉಳಿಯಲಿಲ್ಲ.

ಕುಡಿಯುವುದಕ್ಕೂ ಒಂದು ಶಾಸ್ತ್ರವಿದೆ. ಬಿಸಿ ಕರ್ಕದೆ ರಕ್ತದೊತ್ತಡ ಏರಿಸುತ್ತದೆ, ತಣ್ಣಗಿನದು ಇಳಿಸುತ್ತದೆ ಎಂಬುದು ಈಜಿಪ್ಟಿನ ಮನೆಮನೆಯ ನಂಬಿಕೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 65 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 6 ವಾರ ದಿನಕ್ಕೆ 3 ಲೋಟ ಈ ಚಹಾ, ಇನ್ನೊಂದಕ್ಕೆ ಅದೇ ಬಣ್ಣ–ರುಚಿಯ ಹುಸಿ ಪಾನೀಯ ಕೊಟ್ಟು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುದಿನೀರಿನಲ್ಲೇ ನೆನೆಸಿದ ಚಹಾ ಕುಡಿದವರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿಯಿತು. ಇದನ್ನು ಓದಿದ ಮಾಸ್ತರರು ಮಾತ್ರೆ ಬಿಡುವ ಪ್ರಸ್ತಾಪ ಮಂಡಿಸಿದರು. ಡಾಕ್ಟರು ಅದನ್ನು ಚರ್ಚೆಯಿಲ್ಲದೆ ತಿರಸ್ಕರಿಸಿದರು, ಸರಿಯಾಗಿಯೇ.

ಅಷ್ಟರಲ್ಲಿ ಕೊರೆದು ತೆಗೆದ ಬೀಜಕೋಶಗಳು ಬುಟ್ಟಿ ತುಂಬಿದ್ದವು. ಎಸೆಯಲು ಮಾಸ್ತರರಿಗೆ ಮನಸ್ಸು ಬರಲಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 1892ರ ಹೊತ್ತಿಗೇ ಈ ಕೆಂಪು ಬಟ್ಟಲಿನ ಜಾಮ್ ಮಾಡುವ ಎರಡು ಕಾರ್ಖಾನೆಗಳಿದ್ದವು, ಯುರೋಪಿಗೂ ಕಳಿಸುತ್ತಿದ್ದವು. ಅಲ್ಲಿಯ ಹೆಂಗಸರು ಈಗಲೂ ಹಸಿರು ಬೀಜಕೋಶಗಳನ್ನು ಮೊದಲು ಕುದಿಸಿ, ಅವುಗಳ ಅಂಟುನೀರಿನಲ್ಲೇ ಬಟ್ಟಲು ಬೇಯಿಸಿ ಸಕ್ಕರೆ ಹಾಕುತ್ತಾರೆ. ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಆ ಕೋಶಗಳಲ್ಲಿದೆ. ಸುಡಾನಿನವರು ಒಂದು ಹೆಜ್ಜೆ ಮುಂದೆ. ಬಲಿತ ಬೀಜವನ್ನು ಬೇಯಿಸಿ, ದಿನಗಟ್ಟಲೆ ಹುಳಿಬರಿಸಿ, ಫುರುಂಡು ಎಂಬ ಮಸಾಲೆ ಮಾಡುತ್ತಾರೆ. ಬುರ್ಕಿನಾ ಫಾಸೋದಲ್ಲಿ ಅದು ಬಿಕಾಲ್ಗಾ. ಸಾರಿಗೆ ಮಾಂಸದ ರುಚಿ ಬರಿಸುವ ಪದಾರ್ಥ ಅದು, ಅದರ ವಾಸನೆಯೂ ಅಷ್ಟೇ ಜೋರು.

ಮಾಸ್ತರರು ಇದಿಷ್ಟನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿ, ಹೆಂಡತಿಯ ಮುಖ ನೋಡಿದರು.

“ಮಾಡ್ರೆಲಾ, ಯಾರು ಬ್ಯಾಡಂದ್ರು” ಎಂದರು ಅವರು, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. “ತಾರಸಿ ಮ್ಯಾಲೆ ಮಾಡ್ರಿ. ಆ ಕಾರ್ಯದರ್ಶಿಯವ್ರನ್ನೂ ಕರೀರಿ. ಗಡಿಗಿ ಮಾತ್ರ ನಂದು ಮುಟ್ಟಬ್ಯಾಡ್ರಿ.”