ಉದ್ದೇಶಮೀಮಾಂಸೆ, ಅರ್ಥಾತ್ ನಾಲ್ಕನೆಯ ತರಗತಿಯವರು ಲೇಖಕನ ಮನಸ್ಸನ್ನು ಪತ್ತೆಹಚ್ಚುವ ಶಾಸ್ತ್ರ

ಶಾಸ್ತ್ರ ಬರೆಯಹೊರಟವರು ಆರಂಭದಲ್ಲೇ ನಾಲ್ಕು ಸಂಗತಿ ತಿಳಿಸಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ; ಒಟ್ಟಾಗಿ ಅನುಬಂಧ ಚತುಷ್ಟಯ. ಅದರಂತೆ ಈ ಶಾಸ್ತ್ರದ ವಿಷಯ, ಲೇಖಕನು ಯಾಕೆ ಬರೆದ ಎಂಬುದು. ಪ್ರಯೋಜನ, ಎರಡು ಅಂಕ. ಇವೆರಡರ ನಡುವಿನ ಸಂಬಂಧ ಇನ್ನೂ ಸಿದ್ಧವಾಗಿಲ್ಲ. ಅಧಿಕಾರಿ, ಎಂದರೆ ಇದನ್ನು ಕಲಿಯಲು ಯೋಗ್ಯತೆಯುಳ್ಳವನು, ಒಂಬತ್ತು ತುಂಬಿದ, ಹೋಂವರ್ಕ್ ಮುಗಿಸಿದ, ಬಿಸಿಯೂಟದ ನಂತರದ ಪೀರಿಯಡ್ಡಿನಲ್ಲೂ ಕಣ್ಣು ಬಿಟ್ಟುಕೊಂಡಿರುವ ಮಗು. ಮೊದಲೆರಡು ಲಕ್ಷಣವಿದ್ದು ಮೂರನೆಯದಿಲ್ಲದವರನ್ನು ಕಿಟಕಿಯ ಪಕ್ಕದಿಂದ ಎಬ್ಬಿಸಿ ಮುಂದಿನ ಬೆಂಚಿಗೆ ತರತಕ್ಕದ್ದು.

ಈ ಕಟ್ಟಳೆ ಚಾಲ್ತಿಯಲ್ಲಿದ್ದ ಕಾಲದ ಮಕ್ಕಳು ಪುಣ್ಯವಂತರು. ಯಾಕೆ ಬರೆದೆನೆಂದು ಬರೆದವನೇ ಮೊದಲ ಪುಟದಲ್ಲಿ ಒಪ್ಪಿಕೊಳ್ಳುತ್ತಿದ್ದ. ಮರೆತಿದ್ದರೆ ಕೊನೆಯ ಫಲಶ್ರುತಿಯಲ್ಲಾದರೂ ಹೇಳಿ ಹೋಗುತ್ತಿದ್ದ. ಪಂಪನನ್ನೇ ನೋಡಿ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದು, ಭಾರತದ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಾಣಿಸುತ್ತಿದ್ದೇನೆಂದು ಮುಚ್ಚುಮರೆಯಿಲ್ಲದೆ ತಿಳಿಸಿದ. ಲೌಕಿಕ ಈ ಗ್ರಂಥದಲ್ಲಿ, ಜಿನಧರ್ಮ ತನ್ನ ಇನ್ನೊಂದು ಗ್ರಂಥದಲ್ಲಿ ಎಂದು ವಿಂಗಡಿಸಿಯೂ ಕೊಟ್ಟ. ದೊರೆಯಿಂದ ಧರ್ಮವುರವೆಂಬ ಅಗ್ರಹಾರವೂ ಬಂತು. ಇಷ್ಟು ಸ್ಪಷ್ಟವಾಗಿದ್ದರೂ ಕವಿಯ ಆಶಯವೇನೆಂಬ ಪ್ರಶ್ನೆಗೆ ‘ಅಗ್ರಹಾರ’ ಎಂದು ಬರೆದು ಬಂದ ಮಗುವಿಗೆ ಅಂಕ ಸಿಗುವ ಸಂಭವ ಕಡಿಮೆ.

ಇಲ್ಲಿ ಮಗುವಿನ ಪರವಾಗಿ ಕಾಶ್ಮೀರದಿಂದ ಒಬ್ಬ ಸಾಕ್ಷಿಯನ್ನು ಕರೆಯಬೇಕಾಗಿದೆ. ಹನ್ನೊಂದನೆಯ ಶತಮಾನದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಕಾವ್ಯಕ್ಕೆ ಆರು ಪ್ರಯೋಜನಗಳನ್ನು ಹೇಳುತ್ತಾನೆ. ಕೀರ್ತಿ ಮೊದಲನೆಯದು, ಹಣ ಎರಡನೆಯದು. ಆಮೇಲೆ ಲೋಕವ್ಯವಹಾರದ ತಿಳಿವಳಿಕೆ, ಕೇಡಿನ ನಿವಾರಣೆ, ಓದಿದ ಕ್ಷಣವೇ ಉಂಟಾಗುವ ಪರಮಾನಂದ. ಉಪದೇಶದ ಸರದಿ ಬರುವುದು ಕಟ್ಟಕಡೆಗೆ. ಅದೂ ಯಜಮಾನನ ಆಜ್ಞೆಯಂತಲ್ಲ, ಸ್ನೇಹಿತನ ಸಲಹೆಯಂತೆಯೂ ಅಲ್ಲ, ಪ್ರಿಯೆಯ ನುಡಿಯಂತೆ. ಉದಾಹರಣೆಗಳಲ್ಲೂ ಆತನಿಗೆ ಸಂಕೋಚವಿಲ್ಲ. ಕೀರ್ತಿಗೆ ಕಾಳಿದಾಸ, ಶ್ರೀಹರ್ಷನಿಂದ ದುಡ್ಡು ಪಡೆದದ್ದಕ್ಕೆ ಧಾವಕ, ಸೂರ್ಯನನ್ನು ಸ್ತುತಿಸಿ ಕಷ್ಟ ಕಳೆದುಕೊಂಡದ್ದಕ್ಕೆ ಮಯೂರ. ಮಯೂರನಿಗೆ ಇದ್ದದ್ದು ಚರ್ಮರೋಗವೆಂದು ಐತಿಹ್ಯ. ಚರ್ಮರೋಗ ವಾಸಿಯಾಗಲೆಂದು ಬರೆದ ಪದ್ಯದ ‘ಆಶಯ’ವನ್ನು ನಾವು ಪಠ್ಯದಲ್ಲಿ ಏನೆಂದು ಅಚ್ಚು ಹಾಕಿಸುತ್ತಿದ್ದೆವು? ಪ್ರಕೃತಿಪ್ರೇಮ.

ಅಮೆರಿಕದ ಪ್ರಾಥಮಿಕ ಶಾಲೆಗಳು ಮಮ್ಮಟನ ಆರನ್ನು ಮೂರಕ್ಕೆ ಇಳಿಸಿ ಉಳಿತಾಯ ಸಾಧಿಸಿವೆ. ಓದುಗನನ್ನು ಒಪ್ಪಿಸುವುದು, ಅವನಿಗೆ ತಿಳಿಸುವುದು, ಅವನನ್ನು ರಂಜಿಸುವುದು: ಪರ್ಸುಯೇಡ್, ಇನ್‌ಫಾರ್ಮ್, ಎಂಟರ್‌ಟೇನ್. ಮೊದಲಕ್ಷರಗಳನ್ನು ಕೂಡಿಸಿದರೆ ಪೈ ಎಂಬ ತಿಂಡಿಯಾಗುವುದರಿಂದ ಗೋಡೆಯ ಚಾರ್ಟಿನಲ್ಲಿ ಮೂರು ಹೋಳಿನ ಪೈ ಬರೆದು ತೂಗುಹಾಕುತ್ತಾರೆ. ಹಣ, ಕೀರ್ತಿ, ಚರ್ಮರೋಗಗಳಿಗೆ ಹೋಳಿಲ್ಲ. ಬರೆಯುವವರಲ್ಲಿ ಬಹುಪಾಲು ಜನರನ್ನು ಹೊರಗಿಟ್ಟೇ ಈ ಪೈ ಬೆಂದಿದೆ ಎಂಬ ಆಕ್ಷೇಪಕ್ಕೆ ಅಲ್ಲಿನ ಪಂಡಿತರ ಉತ್ತರ ಏನೇ ಇರಲಿ, ಹಸಿದ ಮಗುವಿಗೆ ಶಾಸ್ತ್ರ ನೆನಪಿನಲ್ಲುಳಿಯುತ್ತದೆ ಎಂಬುದನ್ನಂತೂ ಒಪ್ಪಬೇಕು.

ನಮ್ಮ ಪದ್ಧತಿ ಇದಕ್ಕಿಂತ ಸೂಕ್ಷ್ಮ. ಅದರ ಸೂತ್ರ: ಪದ್ಯದಲ್ಲಿ ಮರವಿದ್ದರೆ ಪರಿಸರ ಪ್ರಜ್ಞೆ, ಅಜ್ಜಿಯಿದ್ದರೆ ಹಿರಿಯರಲ್ಲಿ ಗೌರವ, ಸೈನಿಕನಿದ್ದರೆ ದೇಶಪ್ರೇಮ. ಮರದ ಕೆಳಗೆ ಅಜ್ಜಿ ಕೂತಿದ್ದರೆ ಅದು ನಾಲ್ಕು ಅಂಕದ ಪ್ರಶ್ನೆ. ಉತ್ತರ ‘ಎಂಬ ಮೌಲ್ಯವನ್ನು ಸಾರುವುದೇ ಕವಿಯ ಆಶಯವಾಗಿದೆ’ ಎಂದು ಮುಗಿಯಬೇಕು. ಮೌಲ್ಯವನ್ನು ಗೈಡು ಪೂರೈಸುತ್ತದೆ. ಅಂಕ ಹೆಚ್ಚಿದಂತೆ ಆಶಯವೂ ಉದ್ದವಾಗುವುದರಿಂದ, ಕಿರುಪರೀಕ್ಷೆಯಲ್ಲಿ ಸತ್ಯವನ್ನಷ್ಟೇ ಸಾರಿದ ಕವಿ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಸತ್ಯ, ತ್ಯಾಗ, ಮಾತೃವಾತ್ಸಲ್ಯಗಳನ್ನೂ ಸಾರಿರುತ್ತಾನೆ.

ಪೂರ್ವಪಕ್ಷ ಕೊನೆಯ ಬೆಂಚಿನಿಂದ ಬರುತ್ತದೆ: “ಮಿಸ್, ಗೋವಿನ ಹಾಡು ಬರೆದೋರು ಯಾರು ಅಂತಲೇ ಗೊತ್ತಿಲ್ಲ ಅಂದ್ರಲ್ಲ, ಮತ್ತೆ ಅವರ ಮನಸ್ಸಲ್ಲಿ ಏನಿತ್ತು ಅಂತ ಹೆಂಗೆ ಗೊತ್ತಾಯ್ತು?” ಪ್ರಶ್ನೆ ಬಲವಾದದ್ದು. ಆ ಜನಪದ ಕವಿಯ ಹೆಸರಿಲ್ಲ, ಊರಿಲ್ಲ, ಕೃತಿಕಾರರ ಪರಿಚಯದ ಚೌಕದಲ್ಲಿ ಹಾಕಲು ಪಟವೂ ಇಲ್ಲ. ಇದಕ್ಕೆ “ಸುಮ್ನೆ ಕೂತ್ಕೊ” ಎಂಬುದು ಪರಂಪರಾಗತ ಸಮಾಧಾನ. ಅದು ಸಾಲದೆಂದು ತೋರಿದ್ದರಿಂದ ಹೆಸರಿಲ್ಲದ ಲೇಖಕರ ಇನ್ನೆರಡು ಕೃತಿಗಳೊಡನೆ ಇದನ್ನು ಹೋಲಿಸಿ ನೋಡಿದ್ದೇವೆ.

ಮೊದಲನೆಯದು ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ‘ಇಂದು ನಗದು, ನಾಳೆ ಉದ್ರಿ’. ಎರಡನೆಯದು ತೊಂಬತ್ತರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ನಮ್ಮ ಎಷ್ಟೋ ಊರುಗಳ ಬಾಗಿಲುಗಳ ಮೇಲೆ ಕಾಣಿಸಿಕೊಂಡ ‘ನಾಳೆ ಬಾ’. ರಾತ್ರಿ ಮನೆಯವರ ದನಿಯಲ್ಲೇ ಕೂಗಿ ಬಾಗಿಲು ತಟ್ಟುವ ದೆವ್ವವು ಇದನ್ನೋದಿ ಹಿಂತಿರುಗಬೇಕು, ಮರುದಿನ ಬಂದು ಮತ್ತೆ ಓದಬೇಕು ಎಂಬುದು ಒಳಗಿದ್ದವರ ಹಂಚಿಕೆ. ಪೈ ಪದ್ಧತಿಯಲ್ಲಿ ಇದು ಯಾವ ಹೋಳು? ಬರುವ ವೇಳೆಯನ್ನು ಸೂಚಿಸುವುದರಿಂದ ‘ತಿಳಿಸುವುದು’ ಎಂದು ಒಂದು ಪಂಥ. ನಯವಾಗಿ ವಾಪಸು ಕಳಿಸುವುದರಿಂದ ‘ಒಪ್ಪಿಸುವುದು’ ಎಂದು ಇನ್ನೊಂದು. ‘ರಂಜಿಸುವುದು’ ಎಂಬ ಪಕ್ಷವನ್ನು ಆ ಕಾಲದಲ್ಲಿ ಒಬ್ಬರೇ ಮಲಗಬೇಕಾಗಿ ಬಂದವರು ಯಾರೂ ಮಂಡಿಸಲಿಲ್ಲ. ಗಮನಾರ್ಹವೆಂದರೆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಲೇಖಕರ ಆಶಯವಷ್ಟೇ ತಿಳಿಯುತ್ತಿರಲಿಲ್ಲ. ಒಂದು ಸಲ ತಿಳಿದಿದ್ದರೂ ಬಾಗಿಲು ಮುರಿಯುತ್ತಿತ್ತು. ಅಕ್ಷರ ಬಲ್ಲ, ಗ್ರಹಿಕೆಯಿಲ್ಲದ ಓದುಗ ಎಂದರೆ ಯಾರೆಂದು ಬಿ.ಎಡ್. ತರಗತಿಗಳಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಸಿಕ್ಕಿಲ್ಲ.

ಈಗ ಗೋವಿನ ಹಾಡಿನ ಹುಲಿಗೆ ಬನ್ನಿ. ಪುಣ್ಯಕೋಟಿ ಹೇಳಿದ್ದೂ ಒಂದು ಬಗೆಯ ‘ನಾಳೆ ಬಾ’ಯೇ: ಕರುವಿಗೆ ಹಾಲೂಡಿಸಿ ಬರುತ್ತೇನೆ, ಅಲ್ಲಿಯತನಕ ತಾಳು. ಅರ್ಬುತನೆಂಬ ಆ ಹುಲಿ ದೆವ್ವದಷ್ಟು ಮುಗ್ಧನಲ್ಲ. ಮಾತಿನ ಹಿಂದಿನ ಉದ್ದೇಶವನ್ನು ಶೋಧಿಸಿ, ತಪ್ಪಿಸಿಕೊಳ್ಳುವ ಉಪಾಯವೆಂದು ಮೊದಲು ಶಂಕಿಸಿದ. ಆದರೆ ಹಸು ಆಡಿದ ಮಾತಿಗೆ ಆಡಿದಷ್ಟೇ ಅರ್ಥವಿತ್ತು. ಅದು ವಾಪಸು ಬಂತು, ಹುಲಿ ಪ್ರಾಣಬಿಟ್ಟಿತು. ಬರೆದದ್ದನ್ನು ಬರೆದಂತೆಯೇ ನಂಬಿದ ದೆವ್ವಕ್ಕೂ ಗಿರಾಕಿಗೂ ಏನೂ ದಕ್ಕಲಿಲ್ಲ, ಒಳ ಉದ್ದೇಶ ಹುಡುಕಿದ ಹುಲಿ ಬದುಕಲೇ ಇಲ್ಲ. ಎರಡು ಅಂಕಕ್ಕೆ ಇಷ್ಟು ಅಪಾಯಕಾರಿ ಪಾಠವನ್ನು ಚಿಕ್ಕ ಮಕ್ಕಳಿಗೆ ಇಡುವ ಮೊದಲು ಪೋಷಕರ ಒಪ್ಪಿಗೆ ಪತ್ರ ಪಡೆಯುವುದು ಕ್ಷೇಮ.

ಲೇಖಕ ಅಜ್ಞಾತನಾಗಿರುವುದರಿಂದ ಈ ಗೊಂದಲ, ಬದುಕಿದ್ದರೆ ಕೇಳಬಹುದಿತ್ತಲ್ಲ ಎಂಬುದು ಎರಡನೆಯ ಪೂರ್ವಪಕ್ಷ. ಇದು ಇನ್ನೂ ದುರ್ಬಲ. 2012ರಲ್ಲಿ ನ್ಯೂಯಾರ್ಕ್ ರಾಜ್ಯದ ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಮೊಲದೊಂದಿಗೆ ಓಟದ ಪಂದ್ಯ ಕಟ್ಟುವ ಅನಾನಸಿನ ಕಥೆ ಬಂತು. ಅನಾನಸು ನಿಂತಲ್ಲಿಂದ ಕದಲಲಿಲ್ಲ. ಅದರ ಪರವಾಗಿ ನಿಂತಿದ್ದ ಪ್ರಾಣಿಗಳು ಅದನ್ನೇ ತಿಂದುಹಾಕಿದವು. ಕೊನೆಯಲ್ಲೊಂದು ನೀತಿಯೂ ಇತ್ತು, ಅನಾನಸಿನ ಅಂಗಿಯ ತೋಳಿಗೆ ಸಂಬಂಧಪಟ್ಟದ್ದು. ಪ್ರಾಣಿಗಳು ಅದನ್ನು ಯಾಕೆ ತಿಂದವು, ಯಾವ ಪ್ರಾಣಿಯ ಮಾತು ಎಲ್ಲಕ್ಕಿಂತ ವಿವೇಕದ್ದು ಎಂದು ಪ್ರಶ್ನೆಗಳು. ಮೂಲ ಲೇಖಕ ಡೇನಿಯಲ್ ಪಿಂಕ್‌ವಾಟರ್ ಬದುಕಿಯೇ ಇದ್ದರು. ಕೇಳಿದವರಿಗೆ ಅದು ಬರೀ ಅಸಂಬದ್ಧ ಕಥೆ ಎಂದರು. ಅವರ ಪುಸ್ತಕದಲ್ಲಿ ಓಡಬೇಕಾಗಿದ್ದದ್ದು ಅನಾನಸೂ ಅಲ್ಲ, ಬದನೆಕಾಯಿ. ಗಲಾಟೆಯಾಗಿ ಆ ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಟ್ಟರು. ಬದನೆಕಾಯಿಯನ್ನು ಅನಾನಸು ಮಾಡಿದವರ ಉದ್ದೇಶವೇನೆಂದು ಮಾತ್ರ ಯಾವ ಮಗುವನ್ನೂ ಕೇಳಿರಲಿಲ್ಲ. ಅದೊಂದೇ ಕೇಳಲು ಯೋಗ್ಯವಾದ ಪ್ರಶ್ನೆಯಾಗಿತ್ತು.

ಐದು ವರ್ಷದ ಮೇಲೆ ಸಾರಾ ಹೋಲ್‌ಬ್ರೂಕ್ ಎಂಬ ಕವಯಿತ್ರಿ, ಟೆಕ್ಸಾಸಿನ ಪರೀಕ್ಷೆಗಳಲ್ಲಿ ತನ್ನವೇ ಕವನಗಳ ಮೇಲೆ ಕೇಳಿದ ಪ್ರಶ್ನೆಗಳಿಗೆ ತನಗೇ ಉತ್ತರ ಗೊತ್ತಾಗಲಿಲ್ಲವೆಂದು ಬರೆದುಕೊಂಡರು. ಕವನವನ್ನು ಎರಡು ಭಾಗವಾಗಿ ಒಡೆದದ್ದರ ಉದ್ದೇಶವೇನು ಎಂದು ಅಲ್ಲಿ ಕೇಳಿದ್ದರು. ಆಕೆ ವೇದಿಕೆಯ ಮೇಲೆ ಓದುವ ಕವಿ. ಓದುವಾಗ ಆ ಜಾಗದಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಅಷ್ಟೆ. ಕೊಟ್ಟಿದ್ದ ಆಯ್ಕೆಗಳಲ್ಲಿ ಆ ಉತ್ತರಕ್ಕೆ ಎಡೆಯಿರಲಿಲ್ಲ.

ಲೇಖಕನ ಉದ್ದೇಶವನ್ನು ಕೃತಿಯ ಅಳತೆಗೋಲಾಗಿ ಹಿಡಿಯುವುದು ದೋಷವೆಂದು ವಿಮ್‌ಸ್ಯಾಟ್ ಮತ್ತು ಬಿಯರ್ಡ್‌ಸ್ಲಿ ಎಂಬ ವಿದ್ವಾಂಸರು 1946ರಲ್ಲೇ ವಾದಿಸಿದ್ದರು. 1967ರಲ್ಲಿ ಫ್ರಾನ್ಸಿನ ರೋಲಾಂ ಬಾರ್ತ್ ಲೇಖಕ ಸತ್ತನೆಂದೇ ಘೋಷಿಸಿದ. ಸುದ್ದಿ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳನ್ನು ತಲುಪಿದೆ, ಎಂ.ಎ. ತರಗತಿಗಳಲ್ಲಿ ಶ್ರದ್ಧೆಯಿಂದ ಸೂತಕವನ್ನೂ ಆಚರಿಸುತ್ತಾರೆ. ಪ್ರಾಥಮಿಕ ಶಾಲೆಗೆ ಸುತ್ತೋಲೆ ಬಂದಿಲ್ಲ. ಅಲ್ಲಿ ಲೇಖಕ ಇನ್ನೂ ಜೀವಂತ, ಜನವರಿಯಿಂದ ಮಾರ್ಚ್‌ವರೆಗೆ ಪ್ರತಿದಿನ ಏನಾದರೊಂದನ್ನು ಸಾರುತ್ತಲೇ ಇರುತ್ತಾನೆ.

ಆದ್ದರಿಂದ ಸಿದ್ಧಾಂತ. ‘ಲೇಖಕನ ಉದ್ದೇಶ’ ಎಂದು ಕರೆಯುವ ವಸ್ತು ಲೇಖಕನಲ್ಲಿಲ್ಲ, ಕೃತಿಯಲ್ಲೂ ಇಲ್ಲ. ಅದು ಪ್ರಶ್ನೆಪತ್ರಿಕೆ ತಯಾರಿಸಿದವರ ಕೀ ಉತ್ತರದ ಹಾಳೆಯಲ್ಲಿದೆ. ಮಕ್ಕಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡು, ಪದ್ಯದ ಕಡೆ ನೋಡದೆ ಮಿಸ್ಸಿನ ಮುಖವನ್ನು ನೋಡಿ ಉತ್ತರ ಹೇಳುತ್ತಿದ್ದಾರೆ. ಈ ಕ್ರಮ ನಿರ್ವಿಘ್ನವಾಗಿ ಸಾಗಬೇಕಾದರೆ ಒಂದೇ ಒಂದು ಮುನ್ನೆಚ್ಚರಿಕೆ ಸಾಕು. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರದ 200 ಮೀಟರ್ ಸುತ್ತಳತೆಯಲ್ಲಿ ಜೆರಾಕ್ಸ್ ಅಂಗಡಿಗಳನ್ನು ಮುಚ್ಚಿಸುವ ರೂಢಿಯಿದೆಯಲ್ಲ, ಆ ಆದೇಶದಲ್ಲೇ ಜೆರಾಕ್ಸಿನ ಪಕ್ಕದಲ್ಲಿ ‘ಹಾಗೂ ಲೇಖಕರು’ ಎಂದು ಸೇರಿಸತಕ್ಕದ್ದು. ದಿವಂಗತರಿಗೆ ವಿನಾಯಿತಿ ಇರಲಿ.